ಆಟೊಫೇಜಿ ಮಾಪನ: ಜೀವಂತ ಕೋಶದಲ್ಲಿ ಹರಿವಿನ ಲೆಕ್ಕ

ಜೀವಕೋಶವು ತನ್ನೊಳಗಿನ ಹಳೆಯ ಪ್ರೋಟೀನುಗಳನ್ನೂ ಕೆಟ್ಟುಹೋದ ಕಣದಂಗಗಳನ್ನೂ ಪೊರೆಯ ಚೀಲದಲ್ಲಿ ಕಟ್ಟಿ ಲೈಸೊಸೋಮಿಗೆ ಸಾಗಿಸುತ್ತದೆ. ಅಲ್ಲಿ ಅವು ಅರಗಿ, ಅಮೈನೊ ಆಮ್ಲ ಮೊದಲಾದ ಚಿಕ್ಕ ಅಣುಗಳಾಗಿ ಒಡೆದು, ಮತ್ತೆ ಕೋಶದ ಬಳಕೆಗೆ ಬರುತ್ತವೆ. ಈ ಕ್ರಿಯೆಯೇ ಆಟೊಫೇಜಿ. ಗ್ರೀಕ್ ಮೂಲದ ಈ ಪದಕ್ಕೆ ತನ್ನನ್ನು ತಾನೇ ತಿನ್ನುವುದು ಎಂದರ್ಥ. ಕನ್ನಡದಲ್ಲಿ ಸ್ವಭಕ್ಷಣೆ ಎಂದೂ ಕರೆಯಬಹುದು. ಕೋಶವನ್ನು ಕೊಲ್ಲದೆ, ಅದರೊಳಗೆ ಈ ಕೆಲಸ ಎಷ್ಟು ವೇಗವಾಗಿ ನಡೆಯುತ್ತಿದೆ ಎಂದು ತಿಳಿಯಲು ಪ್ರಯೋಗಾಲಯಗಳು ಅನುಸರಿಸುವ ಮುಖ್ಯ ದಾರಿಗಳಲ್ಲಿ ಒಂದು ಹೀಗಿದೆ: ಹೊಳೆಯುವ ಬಣ್ಣವನ್ನೋ ಹೊಳೆಯುವ ಪ್ರೋಟೀನನ್ನೋ ಕೋಶದೊಳಗೆ ಸೇರಿಸಿ, ಫ್ಲೋ ಸೈಟೊಮೀಟರ್ ಎಂಬ ಯಂತ್ರದ ಲೇಸರ್ ಕಿರಣದ ಎದುರು ಕೋಶಗಳನ್ನು ಒಂದೊಂದಾಗಿ ಹಾಯಿಸಿ, ಪ್ರತಿಯೊಂದೂ ಹೊರಸೂಸುವ ಬೆಳಕನ್ನು ಅಳೆಯುವುದು.

ಕೇಳಲು ಸರಳ. ಆದರೆ ಹೆಚ್ಚು ಬೆಳಕು ಕಂಡರೆ ಹೆಚ್ಚು ಆಟೊಫೇಜಿ ನಡೆದಿದೆ ಎಂದು ತಿಳಿಯುವುದು ಈ ಕ್ಷೇತ್ರದ ಅತಿ ಹಳೆಯ, ಅತಿ ಸಾಮಾನ್ಯ ತಪ್ಪು.

ಕೆರೆ ಮತ್ತು ತೂಬು

ಕೆರೆಯ ನೀರಿನ ಮಟ್ಟ ಏರಿದೆ ಎಂದರೆ ಮೇಲಿನ ಹಳ್ಳದಿಂದ ಹೆಚ್ಚು ನೀರು ಬರುತ್ತಿರಬಹುದು, ಇಲ್ಲವೇ ತೂಬು ಕಟ್ಟಿಕೊಂಡಿರಬಹುದು. ಏರಿಯ ಮೇಲೆ ನಿಂತು ಮಟ್ಟವನ್ನಷ್ಟೇ ನೋಡಿದವರಿಗೆ ಇವೆರಡರಲ್ಲಿ ಯಾವುದು ನಿಜ ಎಂದು ಗೊತ್ತಾಗುವುದಿಲ್ಲ. ತೂಬನ್ನು ತಾವೇ ಮುಚ್ಚಿ, ಗೊತ್ತಾದ ಸಮಯದಲ್ಲಿ ನೀರು ಎಷ್ಟು ಏರಿತು ಎಂದು ಅಳೆದರೆ ಒಳಹರಿವಿನ ಲೆಕ್ಕ ಸಿಗುತ್ತದೆ.

ಕೋಶದಲ್ಲೂ ಹೀಗೆಯೇ. ಕಸ ತುಂಬಿದ ಎರಡು ಪದರದ ಚೀಲಕ್ಕೆ ಆಟೊಫ್ಯಾಗೊಸೋಮ್ ಎಂದು ಹೆಸರು. ಸಸ್ತನಿಗಳಲ್ಲಿ ಅದರ ವ್ಯಾಸ ಸುಮಾರು 0.5ರಿಂದ 1.5 ಮೈಕ್ರೊಮೀಟರ್. ಅದು ಲೈಸೊಸೋಮಿನೊಡನೆ ಬೆಸೆದುಕೊಂಡಾಗ ಆಟೊಲೈಸೊಸೋಮ್ ಆಗುತ್ತದೆ, ಒಳಗಿನದೆಲ್ಲ ಅರಗಿಹೋಗುತ್ತದೆ. ಒಂದು ಕ್ಷಣದಲ್ಲಿ ಕೋಶದೊಳಗೆ ಬಹಳ ಚೀಲಗಳು ಕಂಡರೆ ಅವು ಭರದಿಂದ ತಯಾರಾಗುತ್ತಿರಬಹುದು, ಅಥವಾ ಲೈಸೊಸೋಮ್ ಕೆಟ್ಟು ಚೀಲಗಳು ಖಾಲಿಯಾಗದೆ ಉಳಿದಿರಬಹುದು. ಮೊದಲನೆಯದು ಆರೋಗ್ಯದ ಗುರುತು, ಎರಡನೆಯದು ಅದರ ವಿರುದ್ಧ. ಚೀಲ ಹುಟ್ಟುವುದರಿಂದ ಹಿಡಿದು ಅದರೊಳಗಿನದು ಅರಗಿ ಹೊರಬರುವವರೆಗಿನ ಒಟ್ಟು ಸಾಗಾಟವನ್ನು ವಿಜ್ಞಾನಿಗಳು ಆಟೊಫೇಜಿಯ ಹರಿವು ಎನ್ನುತ್ತಾರೆ. ಅಳೆಯಬೇಕಾದದ್ದು ಈ ಹರಿವನ್ನು.

ಯೀಸ್ಟಿನಿಂದ ಎಲ್‌ಸಿ3ವರೆಗೆ

ಲೈಸೊಸೋಮನ್ನು ಗುರುತಿಸಿ 1955ರಲ್ಲಿ ಅದಕ್ಕೆ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡುವ್. ಆಟೊಫೇಜಿ ಎಂಬ ಪದವನ್ನು 1963ರಲ್ಲಿ ಬಳಕೆಗೆ ತಂದವರೂ ಅವರೇ. 1974ರ ನೊಬೆಲ್ ಪ್ರಶಸ್ತಿಯನ್ನು ಅವರು ಇನ್ನಿಬ್ಬರೊಡನೆ ಹಂಚಿಕೊಂಡರು. ಆದರೆ ಆ ಕಾಲದಲ್ಲಿ ಆಟೊಫೇಜಿಯನ್ನು ಕಾಣಲು ಇದ್ದ ಸಾಧನ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ. ಅದಕ್ಕಾಗಿ ಕೋಶವನ್ನು ಕೊಂದು, ರಾಳದಲ್ಲಿ ಗಟ್ಟಿಗೊಳಿಸಿ, ತೆಳುವಾಗಿ ಕೊಯ್ಯಬೇಕಿತ್ತು. ಚಿತ್ರ ಸಿಗುತ್ತಿತ್ತು, ಚಲನೆ ಸಿಗುತ್ತಿರಲಿಲ್ಲ.

ಗಂಟು ಬಿಚ್ಚಿದ್ದು ಜಪಾನಿನ ಯೊಶಿನೊರಿ ಒಸುಮಿ. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಪುಟ್ಟ ಪ್ರಯೋಗಾಲಯ ತೆರೆದ ಅವರು ರೊಟ್ಟಿ ಹುದುಗಿಸುವ ಯೀಸ್ಟನ್ನು ಆರಿಸಿಕೊಂಡರು. ಯೀಸ್ಟಿನ ವ್ಯಾಕ್ಯೂಲ್ ನಮ್ಮ ಲೈಸೊಸೋಮಿನ ಕೆಲಸ ಮಾಡುತ್ತದೆ. ಅದರೊಳಗಿನ ಪ್ರೋಟೀನು ಅರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಅವರು ಉಪವಾಸ ಕೆಡವಿದರು. ಅರಗದೆ ಉಳಿದ ಚೀಲಗಳು ಕೆಲವೇ ಗಂಟೆಗಳಲ್ಲಿ ವ್ಯಾಕ್ಯೂಲ್ ತುಂಬ ಕಿಕ್ಕಿರಿದವು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಂಡವು. ತೂಬು ಮುಚ್ಚಿ ಒಳಹರಿವನ್ನು ನೋಡುವ ಉಪಾಯ ಇದೇ. ಈ ಕೆಲಸ 1992ರಲ್ಲಿ ಪ್ರಕಟವಾಯಿತು. ಮರುವರ್ಷ ಅವರ ತಂಡ ಆಟೊಫೇಜಿ ಕೈಕೊಟ್ಟ ರೂಪಾಂತರಿತ ಯೀಸ್ಟ್‌ಗಳನ್ನು ಹೆಕ್ಕಿ, ಅದಕ್ಕೆ ಬೇಕಾದ 15 ಜೀನುಗಳ ಪಟ್ಟಿಯನ್ನು ಮುಂದಿಟ್ಟಿತು. 2016ರ ವೈದ್ಯಕೀಯ ನೊಬೆಲ್ ಒಸುಮಿ ಒಬ್ಬರಿಗೇ ಸಂದಿತು.

ಯೀಸ್ಟಿನ ಜೀನುಗಳಿಗೆ ಮನುಷ್ಯನಲ್ಲೂ ಜೊತೆಗಾರರಿದ್ದವು. ಅವುಗಳಲ್ಲಿ ಅಳತೆಗೆ ಅತಿ ಹೆಚ್ಚು ನೆರವಾದದ್ದು ಎಲ್‌ಸಿ3 ಎಂಬ ಪುಟ್ಟ ಪ್ರೋಟೀನು. ಎಂದಿನ ಸ್ಥಿತಿಯಲ್ಲಿ ಅದು ಕೋಶದ್ರವ್ಯದಲ್ಲಿ ಹರಡಿಕೊಂಡಿರುತ್ತದೆ. ಆಗ ಅದು ಎಲ್‌ಸಿ3-1. ಚೀಲ ರೂಪುಗೊಳ್ಳುವಾಗ ಅದರ ಬಾಲಕ್ಕೆ ಒಂದು ಕೊಬ್ಬಿನ ಅಣು ಅಂಟಿ, ಚೀಲದ ಪೊರೆಗೆ ಕಚ್ಚಿಕೊಳ್ಳುತ್ತದೆ. ಆಗ ಅದು ಎಲ್‌ಸಿ3-2. ಯೊಶಿಮೊರಿ, ಮಿಜುಶಿಮಾ ಮೊದಲಾದವರಿದ್ದ ಜಪಾನಿ ತಂಡ 2000ದಲ್ಲಿ ಇದನ್ನು ತೋರಿಸಿದ ಮೇಲೆ ಆಟೊಫ್ಯಾಗೊಸೋಮಿಗೆ ನಂಬಬಹುದಾದ ಒಂದು ಗುರುತಿನ ಚೀಟಿ ಸಿಕ್ಕಂತಾಯಿತು. ಚೀಲದ ಒಳಗೋಡೆಗೆ ಅಂಟಿದ ಎಲ್‌ಸಿ3 ಕೊನೆಗೆ ಲೈಸೊಸೋಮಿನಲ್ಲಿ ತಾನೂ ಅರಗಿಹೋಗುತ್ತದೆ ಎಂಬುದು ನೆನಪಿಡಬೇಕಾದ ಸಂಗತಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಸಾಲಿನಲ್ಲಿ ಸಾಗುವ ಕೋಶಗಳು

ಸೂಕ್ಷ್ಮದರ್ಶಕದಡಿ ಚುಕ್ಕೆ ಎಣಿಸುವವರು ದಿನವಿಡೀ ಕುಳಿತರೂ ಕೆಲವು ನೂರು ಕೋಶಗಳನ್ನು ನೋಡಬಲ್ಲರು. ಫ್ಲೋ ಸೈಟೊಮೀಟರ್ ಒಂದೇ ಸೆಕೆಂಡಿನಲ್ಲಿ ಸಾವಿರಾರು ಕೋಶಗಳನ್ನು ಓದುತ್ತದೆ.

ಯಂತ್ರದೊಳಗೆ ಕೋಶಗಳ ದ್ರಾವಣವನ್ನು ವೇಗವಾಗಿ ಹರಿಯುವ ಇನ್ನೊಂದು ದ್ರವ ಸುತ್ತುವರಿದು ಒತ್ತುತ್ತದೆ. ಆ ಒತ್ತಿಗೆ ನಡುವಿನ ಧಾರೆ ಕಿರಿದಾಗಿ, ಕೋಶಗಳು ಇರುವೆ ಸಾಲಿನಂತೆ ಒಂದರ ಹಿಂದೊಂದು ಲೇಸರ್ ಎದುರು ಹಾಯುತ್ತವೆ. ನೇರಕ್ಕೆ ಚದುರಿದ ಬೆಳಕು ಕೋಶದ ಗಾತ್ರವನ್ನೂ ಬದಿಗೆ ಚದುರಿದ ಬೆಳಕು ಅದರೊಳಗಿನ ಕಣಮಯತೆಯನ್ನೂ ಸೂಚಿಸುತ್ತದೆ. ಕೋಶದೊಳಗಿನ ಬಣ್ಣ ಲೇಸರಿನ ಬೆಳಕನ್ನು ಹೀರಿ, ಹೆಚ್ಚು ಉದ್ದದ ತರಂಗಾಂತರದಲ್ಲಿ ಮರಳಿ ಸೂಸುತ್ತದೆ. ಇದು ಪ್ರತಿದೀಪ್ತಿ. 488 ನ್ಯಾನೊಮೀಟರಿನ ನೀಲಿ ಲೇಸರ್ ಬಿದ್ದ ಕೋಶ ಹಸಿರಾಗಿ ಹೊಳೆದರೆ, ಆ ಹಸಿರನ್ನು ಶೋಧಕ ಗಾಜು ಬೇರ್ಪಡಿಸಿ ಪತ್ತೆಕಾರಕಕ್ಕೆ ಕಳುಹಿಸುತ್ತದೆ, ಯಂತ್ರ ಅದನ್ನು ಅಂಕಿಯಾಗಿ ಬರೆದುಕೊಳ್ಳುತ್ತದೆ.

ಈ ತಂತ್ರಕ್ಕೆ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. 1965ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಮ್ಯಾಕ್ ಫುಲ್ವೈಲರ್ ಹನಿಗಳಿಗೆ ವಿದ್ಯುದಂಶ ಕೊಟ್ಟು ಕೋಶಗಳನ್ನು ಬೇರ್ಪಡಿಸುವ ಯಂತ್ರವನ್ನು ವಿವರಿಸಿದರು. 1968ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ವೋಲ್ಫ್‌ಗ್ಯಾಂಗ್ ಗೋಡೆ ಪ್ರತಿದೀಪ್ತಿ ಅಳೆಯುವ ಸೈಟೊಮೀಟರ್ ರೂಪಿಸಿದರು. ಮರುವರ್ಷ ಸ್ಟ್ಯಾನ್‌ಫರ್ಡಿನ ಲೆನರ್ಡ್ ಹರ್ಜನ್‌ಬರ್ಗ್ ತಂಡ ಹೊಳಪಿನ ಆಧಾರದ ಮೇಲೆ ಕೋಶಗಳನ್ನು ವಿಂಗಡಿಸಿ ತೋರಿಸಿತು. ಎಚ್‌ಐವಿ ಸೋಂಕಿತರ ಸಿಡಿ4 ಕೋಶಗಳನ್ನು ಎಣಿಸಲು ಭಾರತದ ಎಆರ್‌ಟಿ ಕೇಂದ್ರಗಳು ನೆಚ್ಚಿಕೊಂಡದ್ದು ಇದೇ ತತ್ವದ ಯಂತ್ರಗಳನ್ನು. ರಕ್ತ ಕ್ಯಾನ್ಸರಿನ ಬಗೆಯನ್ನು ಗುರುತಿಸಲೂ ಇದೇ ಬೇಕು.

ಆಟೊಫೇಜಿಯ ಅಳತೆಗೆ ಸೈಟೊಮೀಟರ್ ತಂದ ದೊಡ್ಡ ಲಾಭ ವೇಗ ಮಾತ್ರವಲ್ಲ. ಕೋಶಗಳನ್ನೆಲ್ಲ ಅರೆದು ಪ್ರೋಟೀನು ತೆಗೆದು ನೋಡುವ ಬ್ಲಾಟ್ ವಿಧಾನದಲ್ಲಿ ಸಿಗುವುದು ಸರಾಸರಿ. ಹತ್ತು ಸಾವಿರ ಕೋಶಗಳಲ್ಲಿ ಅರ್ಧ ಭರದಿಂದ ಕೆಲಸ ಮಾಡುತ್ತಾ ಉಳಿದರ್ಧ ಸುಮ್ಮನಿದ್ದರೆ ಸರಾಸರಿ ಅದನ್ನು ಮುಚ್ಚಿಡುತ್ತದೆ. ಸೈಟೊಮೀಟರಿನ ನಕ್ಷೆಯಲ್ಲಿ ಎರಡು ಗುಡ್ಡಗಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ.

ಆಮ್ಲವನ್ನು ಅರಸುವ ಬಣ್ಣಗಳು

ಲೈಸೊಸೋಮಿನ ಒಳಗಿನ ಪಿಎಚ್ ಸುಮಾರು 4.5ರಿಂದ 5, ಹೊರಗಿನ ಕೋಶದ್ರವ್ಯದ್ದು ಸುಮಾರು 7.2. ಮೊದಲ ತಲೆಮಾರಿನ ಬಣ್ಣಗಳೆಲ್ಲ ಈ ವ್ಯತ್ಯಾಸವನ್ನು ಬಳಸಿಕೊಂಡವು. ದುರ್ಬಲ ಕ್ಷಾರಗಳಾದ ಇವು ಪೊರೆಗಳನ್ನು ಸಲೀಸಾಗಿ ದಾಟುತ್ತವೆ. ಆಮ್ಲೀಯ ಚೀಲದೊಳಗೆ ಹೊಕ್ಕೊಡನೆ ಪ್ರೋಟಾನು ಹಿಡಿದು ವಿದ್ಯುದಂಶ ಪಡೆಯುತ್ತವೆ. ಮತ್ತೆ ಹೊರಬರಲಾರದೆ ಅಲ್ಲೇ ಸಿಕ್ಕಿಬೀಳುತ್ತವೆ.

ಅಕ್ರಿಡಿನ್ ಆರೆಂಜ್ ಇವುಗಳಲ್ಲಿ ಅಗ್ಗದ್ದು, ಬಹುಕಾಲದಿಂದ ಬಳಕೆಯಲ್ಲಿರುವುದು. ಕೋಶಕೇಂದ್ರದಲ್ಲೂ ಕೋಶದ್ರವ್ಯದಲ್ಲೂ ತೆಳುವಾಗಿ ಹರಡಿದಾಗ ಹಸಿರಾಗಿ ಹೊಳೆಯುವ ಇದು, ಆಮ್ಲೀಯ ಚೀಲದಲ್ಲಿ ದಟ್ಟೈಸಿದಾಗ ಕಿತ್ತಳೆ-ಕೆಂಪಿಗೆ ತಿರುಗುತ್ತದೆ. ಕೆಂಪು ಮತ್ತು ಹಸಿರಿನ ಅನುಪಾತ ತೆಗೆದರೆ ಕೋಶದ ಗಾತ್ರದ ವ್ಯತ್ಯಾಸ ಬಹುಮಟ್ಟಿಗೆ ಕಳೆದುಹೋಗುತ್ತದೆ. ಬ್ರೆಜಿಲ್‌ನ ಒಂದು ತಂಡ 2016ರಲ್ಲಿ ಈ ಅನುಪಾತದ ಲೆಕ್ಕವನ್ನು ಸೈಟೊಮೆಟ್ರಿಗೆ ಒಪ್ಪವಾಗಿ ಹೊಂದಿಸಿಕೊಟ್ಟಿತು. ಆದರೆ ಈ ಬಣ್ಣ ಡಿಎನ್‌ಎ, ಆರ್‌ಎನ್‌ಎಗಳಿಗೂ ಅಂಟುತ್ತದೆ, ಪ್ರಮಾಣ ಕೊಂಚ ಹೆಚ್ಚಾದರೂ ಫಲಿತಾಂಶ ಬದಲಾಗುತ್ತದೆ.

ಮೊನೊಡ್ಯಾನ್ಸಿಲ್ ಕ್ಯಾಡವೆರಿನ್, ಚಿಕ್ಕದಾಗಿ ಎಂಡಿಸಿ, 1995ರಲ್ಲಿ ಜೀವಂತ ಕೋಶದ ಆಟೊಫೇಜಿ ಚೀಲಗಳಿಗೆಂದೇ ಇರುವ ಬಣ್ಣ ಎಂದು ಪ್ರಕಟವಾಯಿತು. ಹಲವು ವರ್ಷ ಅದನ್ನು ಹಾಗೆಯೇ ನಂಬಿ ಬಳಸಲಾಯಿತು. ಎಲ್‌ಸಿ3ಯ ಚುಕ್ಕೆಗಳೊಡನೆ ಹೋಲಿಸಿ ನೋಡಿದಾಗ ನಿಜ ಹೊರಬಿತ್ತು: ಅದು ಮುಖ್ಯವಾಗಿ ಗುರುತಿಸುವುದು ಆಮ್ಲೀಯ ಚೀಲಗಳನ್ನು, ಹೊಸದಾಗಿ ಹುಟ್ಟಿದ, ಇನ್ನೂ ಆಮ್ಲೀಯವಾಗದ ಆಟೊಫ್ಯಾಗೊಸೋಮನ್ನು ಅಲ್ಲ. ಲೈಸೊಟ್ರ್ಯಾಕರ್ ಬಣ್ಣಗಳ ಹೆಸರೇ ಹೇಳುವಂತೆ ಅವೂ ಲೈಸೊಸೋಮಿನ ಬೆನ್ನು ಹತ್ತಿದವು. ಹಸಿರು, ಕೆಂಪು, ಕಡುಗೆಂಪು ಬಗೆಗಳಲ್ಲಿ ಸಿಗುವುದರಿಂದ ಬೇರೆ ಗುರುತುಗಳ ಜೊತೆ ಬಳಸಲು ಅನುಕೂಲ.

ಇಲ್ಲೊಂದು ಸೂಕ್ಷ್ಮವಿದೆ. ಹರಿವನ್ನು ಅಳೆಯಲು ಲೈಸೊಸೋಮಿನ ಆಮ್ಲೀಯತೆಯನ್ನು ಕೆಡಿಸಿ ತೂಬು ಮುಚ್ಚಬೇಕು. ಆಮ್ಲೀಯತೆ ಕೆಟ್ಟೊಡನೆ ಈ ಬಣ್ಣಗಳ ಹೊಳಪೇ ಆರಿಹೋಗುತ್ತದೆ. ಎಂದರೆ ತೂಬು ಮುಚ್ಚಿದರೆ ಅಳತೆಗೋಲೇ ಮುರಿಯುತ್ತದೆ. ಹಾಗಾಗಿ ಈ ಬಣ್ಣಗಳನ್ನು ಲೈಸೊಸೋಮ್ ಎಷ್ಟಿವೆ, ಅವು ಆಮ್ಲೀಯವಾಗಿವೆಯೇ ಎಂದು ತಿಳಿಯಲು ಬಳಸುವುದು ಸರಿ. ಅವುಗಳೊಂದರಿಂದಲೇ ಆಟೊಫೇಜಿ ಹೆಚ್ಚಿತು ಎಂದು ತೀರ್ಮಾನಿಸುವುದು ಸರಿಯಲ್ಲ.

ಚೀಲವನ್ನೇ ಅರಸುವ ಬಣ್ಣಗಳು

ಮುಂದಿನ ತಲೆಮಾರಿನ ಬಣ್ಣಗಳು ಈ ಕೊರತೆಯನ್ನು ತುಂಬಲು ಹೊರಟವು. ಎಂಜೊ ಕಂಪನಿಯ ಸೈಟೊ-ಐಡಿ ಬಣ್ಣದ ಅಣುವಿಗೆ ಒಂದು ಬದಿ ಧನ ವಿದ್ಯುದಂಶ, ಇನ್ನೊಂದು ಬದಿ ಕೊಬ್ಬಿಗೆ ಒಲಿಯುವ ಗುಣ. ಆಟೊಫೇಜಿಯ ಚೀಲಗಳಲ್ಲಿ ಸೇರಿಕೊಂಡು ಹಸಿರಾಗಿ ಹೊಳೆಯುವಂತೆಯೂ ಸಾಮಾನ್ಯ ಲೈಸೊಸೋಮಿನಲ್ಲಿ ಕಡಿಮೆ ಉಳಿಯುವಂತೆಯೂ ಅದನ್ನು ಹದಗೊಳಿಸಲಾಗಿದೆ. 488 ನ್ಯಾನೊಮೀಟರಿನ ಸಾಮಾನ್ಯ ಲೇಸರಿಗೆ ಹೊಂದುವುದರಿಂದ ಯಾವ ಪ್ರಯೋಗಾಲಯದಲ್ಲೂ ಓದಬಹುದು. ಲೈಸೊಸೋಮನ್ನು ತಡೆಯುವ ಕ್ಲೋರೊಕ್ವಿನ್ ಔಷಧ ಕೊಟ್ಟಾಗ ಈ ಹೊಳಪು ಹೆಚ್ಚುತ್ತದೆ. ಹಾಗಾಗಿ ತೂಬು ಮುಚ್ಚಿಯೂ ಅಳೆಯಬಹುದು.

ಜಪಾನಿನ ಕುಮಮೊಟೊದ ಡೊಜಿಂಡೊ ಸಂಸ್ಥೆಯ ಡ್ಯಾಪ್‌ಗ್ರೀನ್, ಡಾಲ್‌ಗ್ರೀನ್ ಎಂಬ ಜೋಡಿಯನ್ನು 2018ರಲ್ಲಿ ವಿವರಿಸಲಾಯಿತು. ಇವನ್ನು ಮೊದಲೇ ಕೋಶಕ್ಕೆ ಉಣಿಸಿ, ತೊಳೆದು, ಆಮೇಲೆ ಉಪವಾಸ ಕೆಡವಬೇಕು. ಚೀಲದ ಪೊರೆ ಹೆಣೆದುಕೊಳ್ಳುವಾಗಲೇ ಡ್ಯಾಪ್‌ಗ್ರೀನ್ ಅದರೊಳಗೆ ಸೇರಿ ಹೊಳೆಯುತ್ತದೆ. ಡಾಲ್‌ಗ್ರೀನ್ ಕೂಡ ಒಳಸೇರುತ್ತದೆ, ಆದರೆ ಚೀಲ ಆಮ್ಲೀಯವಾದ ಮೇಲೆ ಪ್ರಕಾಶಿಸುತ್ತದೆ. ಲೈಸೊಸೋಮ್ ಕೆಡಿಸುವ ಔಷಧ ಕೊಟ್ಟರೆ ಮೊದಲನೆಯದು ಉಳಿಯುತ್ತದೆ, ಎರಡನೆಯದು ಮಂಕಾಗುತ್ತದೆ. ಒಂದು ಬಣ್ಣ ನೀರಿನ ಮಟ್ಟ ಹೇಳಿದರೆ ಇನ್ನೊಂದು ತೂಬಿನ ಸ್ಥಿತಿ ಹೇಳಿದ ಹಾಗೆ.

ಬಣ್ಣಗಳ ದೊಡ್ಡ ಉಪಕಾರ ಇನ್ನೊಂದಿದೆ. ಕೋಶದ ಜೀನನ್ನು ತಿದ್ದಬೇಕಾಗಿಲ್ಲ. ರೋಗಿಯಿಂದ ಈಗಷ್ಟೇ ತೆಗೆದ ರಕ್ತದ ಬಿಳಿಕೋಶಗಳಿಗೂ ಅರ್ಧ ಗಂಟೆ ಬಣ್ಣ ಉಣಿಸಿ ಓದಬಹುದು.

ಹೊಳೆಯುವ ಪ್ರೋಟೀನುಗಳು

ಬಣ್ಣಗಳಿಗಿಂತ ಖಚಿತವಾದ ದಾರಿ ಎಲ್‌ಸಿ3ಗೇ ಹೊಳಪು ತೊಡಿಸುವುದು. ಜೆಲ್ಲಿಮೀನಿನಿಂದ ಬಂದ ಹಸಿರು ಪ್ರತಿದೀಪ್ತ ಪ್ರೋಟೀನನ್ನು, ಅಂದರೆ ಜಿಎಫ್‌ಪಿಯನ್ನು, ಎಲ್‌ಸಿ3ಯ ಜೀನಿಗೆ ಜೋಡಿಸಿದರೆ ಕೋಶವೇ ಹೊಳೆಯುವ ಎಲ್‌ಸಿ3 ತಯಾರಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಚೀಲವೂ ಹಸಿರು ಚುಕ್ಕೆ. ಆದರೆ ಸಾಮಾನ್ಯ ಸೈಟೊಮೀಟರಿಗೆ ಚುಕ್ಕೆ ಕಾಣದು, ಒಟ್ಟು ಬೆಳಕು ಮಾತ್ರ ಕಾಣುತ್ತದೆ. ಹರಡಿದ ಎಲ್‌ಸಿ3 ಚುಕ್ಕೆಗಳಾಗಿ ಸೇರಿದರೂ ಒಟ್ಟು ಬೆಳಕು ಅಷ್ಟೇ ಇರುತ್ತದೆಯಲ್ಲವೇ?

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜ್ವುಲುನ್ ಎಲಾಜರ್ ತಂಡ 2008ರಲ್ಲಿ ಇದಕ್ಕೆ ಸರಳ ಉತ್ತರ ಕೊಟ್ಟಿತು. ಏರಿಕೆಯನ್ನು ಹುಡುಕದೆ ಇಳಿಕೆಯನ್ನು ಅಳೆದರಾಯಿತು. ಉಪವಾಸದಲ್ಲಿ ಹೊಳೆಯುವ ಎಲ್‌ಸಿ3 ಲೈಸೊಸೋಮಿಗೆ ಹೋಗಿ ನಾಶವಾಗುವುದರಿಂದ ಜೀವಂತ ಕೋಶದ ಹಸಿರು ಕುಗ್ಗುತ್ತದೆ. ಲೈಸೊಸೋಮನ್ನು ತಡೆದರೆ ಕುಗ್ಗುವುದಿಲ್ಲ. ಕುಗ್ಗಿದ ಪ್ರಮಾಣವೇ ಹರಿವು. ಇದಕ್ಕೆ ಬದಲಾಗಿ, ಸಪೋನಿನ್ ಎಂಬ ನೊರೆದ್ರವ್ಯದಿಂದ ಕೋಶದ ಹೊರಪೊರೆಯಲ್ಲಿ ರಂಧ್ರ ಮಾಡಿ, ಹರಡಿಕೊಂಡ ಎಲ್‌ಸಿ3-1ನ್ನು ತೊಳೆದು, ಚೀಲಕ್ಕೆ ಕಚ್ಚಿದ ಎಲ್‌ಸಿ3-2ನ್ನಷ್ಟೇ ಉಳಿಸಿ ಅಳೆಯುವ ವಿಧಾನ 2010ರಲ್ಲಿ ಬಂತು. ಅದು ನಿಖರ, ಆದರೆ ಅಲ್ಲಿ ಕೋಶ ಬದುಕುವುದಿಲ್ಲ.

ಎರಡು ಬಣ್ಣದ ಪ್ರೋಟೀನುಗಳು ಇನ್ನೂ ಮುಂದೆ ಹೋದವು. 2007ರಲ್ಲಿ ಯೊಶಿಮೊರಿ ತಂಡ ಎಲ್‌ಸಿ3ಗೆ ಕೆಂಪು ಮತ್ತು ಹಸಿರು ಎರಡನ್ನೂ ಜೋಡಿಸಿತು. ಹಸಿರು ಆಮ್ಲಕ್ಕೆ ಬೇಗ ಆರುತ್ತದೆ, ಕೆಂಪು ತಾಳಿಕೊಳ್ಳುತ್ತದೆ. ಲೈಸೊಸೋಮ್ ಸೇರುವ ಮೊದಲು ಚೀಲ ಹಳದಿ, ಸೇರಿದ ಮೇಲೆ ಕೆಂಪು. 2016ರಲ್ಲಿ ಮಿಜುಶಿಮಾ ತಂಡದ ಹೊಸ ಶೋಧಕ ಇದಕ್ಕಿಂತ ಜಾಣತನದ್ದು. ಒಂದೇ ಎಳೆಯಾಗಿ ತಯಾರಾಗುವ ಈ ಪ್ರೋಟೀನನ್ನು ಕೋಶದ ಎಟಿಜಿ4 ಕಿಣ್ವ ನಡುವೆ ಕತ್ತರಿಸಿ ಸಮಸಮ ಎರಡು ತುಂಡು ಮಾಡುತ್ತದೆ. ಹಸಿರು ತುಂಡು ಚೀಲಕ್ಕೆ ಅಂಟಿ ಅರಗಿಹೋಗುತ್ತದೆ. ಬಾಲದ ಕೊನೆಯ ಗ್ಲೈಸಿನ್ ಕಳೆದ ಕೆಂಪು ತುಂಡು ಅಂಟಲಾರದೆ ಕೋಶದ್ರವ್ಯದಲ್ಲೇ ಉಳಿದು, ಎಷ್ಟು ತಯಾರಾಗಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಹಸಿರನ್ನು ಕೆಂಪಿನಿಂದ ಭಾಗಿಸಿದರೆ ಸಾಕು. ಅನುಪಾತ ಇಳಿದಷ್ಟೂ ಹರಿವು ಹೆಚ್ಚು. ತೂಬು ಮುಚ್ಚುವ ಔಷಧವೇ ಇಲ್ಲದೆ ಜೀವಂತ ಕೋಶದಲ್ಲಿ ಹರಿವನ್ನು ಓದಲು ಇದು ಅನುವು ಮಾಡಿಕೊಟ್ಟಿತು.

ಕೆಟ್ಟ ಮೈಟೊಕಾಂಡ್ರಿಯಗಳನ್ನೇ ಹೆಕ್ಕಿ ಅರಗಿಸುವ ಮೈಟೊಫೇಜಿಯನ್ನು ಅಳೆಯಲು ಕೀಮಾ ಎಂಬ ಹವಳದ ಪ್ರೋಟೀನು ಬಂತು. ಲೈಸೊಸೋಮಿನ ಕಿಣ್ವಗಳಿಗೆ ಅದು ಸುಲಭವಾಗಿ ಬಗ್ಗದು. ತಟಸ್ಥ ಪರಿಸರದಲ್ಲಿ ಅದು ನೇರಳೆ-ನೀಲಿ ಬೆಳಕಿಗೆ, ಆಮ್ಲದಲ್ಲಿ ಹಳದಿ-ಹಸಿರು ಬೆಳಕಿಗೆ ಪ್ರತಿಕ್ರಿಯಿಸುತ್ತದೆ; ಎರಡೂ ಸಲ ಸೂಸುವುದು ಕೆಂಪನ್ನೇ. 405 ಮತ್ತು 561 ನ್ಯಾನೊಮೀಟರಿನ ಎರಡು ಲೇಸರುಗಳಿರುವ ಸೈಟೊಮೀಟರಿಗೆ ಇದು ಹೇಳಿ ಮಾಡಿಸಿದ್ದು. 2011ರಲ್ಲಿ ಅತ್ಸುಶಿ ಮಿಯಾವಾಕಿ ತಂಡ ವಿವರಿಸಿದ ಈ ವಿಧಾನಕ್ಕೆ ಜೀವಂತ ಕೋಶವೇ ಆಗಬೇಕು. ಫಾರ್ಮಲಿನ್ ಹಾಕಿದೊಡನೆ ಚೀಲದ ಒಳಗು ಹೊರಗಿನ ಪಿಎಚ್ ವ್ಯತ್ಯಾಸ ಅಳಿಸಿಹೋಗಿ, ಓದಬೇಕಾದ ಸಂಕೇತವೇ ಇಲ್ಲವಾಗುತ್ತದೆ.

ನಾಲ್ಕು ನಳಿಕೆಗಳು

ಹರಿವಿನ ಪ್ರಯೋಗ ಕನಿಷ್ಠ ನಾಲ್ಕು ನಳಿಕೆಗಳನ್ನು ಬೇಡುತ್ತದೆ: ಏನೂ ಕೊಡದ ಕೋಶಗಳು, ಪರೀಕ್ಷಿಸಬೇಕಾದ ಔಷಧ ಕೊಟ್ಟವು, ತೂಬು ಮುಚ್ಚುವ ಔಷಧ ಕೊಟ್ಟವು, ಎರಡನ್ನೂ ಕೊಟ್ಟವು.

ಆಟೊಫೇಜಿಯನ್ನು ಏರಿಸುತ್ತದೆ ಎಂದು ಖಚಿತವಾಗಿ ಗೊತ್ತಿರುವ ಹೋಲಿಕೆಯ ಔಷಧವಾಗಿ ಹೆಚ್ಚಾಗಿ ಬಳಸುವುದು ರಾಪಾಮೈಸಿನ್. ಈಸ್ಟರ್ ದ್ವೀಪದಿಂದ 1960ರ ದಶಕದಲ್ಲಿ ತಂದ ಮಣ್ಣಿನ ಬ್ಯಾಕ್ಟೀರಿಯದಲ್ಲಿ ಸಿಕ್ಕ ಇದಕ್ಕೆ ಆ ದ್ವೀಪದ ಸ್ಥಳೀಯ ಹೆಸರಾದ ರಾಪಾ ನುಯಿಯಿಂದಲೇ ಹೆಸರು ಬಂತು. ಇದರ ಗುಣಗಳನ್ನು ಹೊರತೆಗೆದು ಕೊನೆಯವರೆಗೂ ಅದರ ಬೆನ್ನಿಗೆ ನಿಂತವರು ಭಾರತ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್. ಕೋಶಕ್ಕೆ ಆಹಾರ ಸಾಕಷ್ಟಿದೆ ಎಂದು ಸಾರುವ ಎಂಟಾರ್ ಕಿಣ್ವವನ್ನು ಅದು ತಡೆಯುತ್ತದೆ. ಕೋಶ ಹಸಿವೆಯೆಂದು ತಿಳಿದು ಆಟೊಫೇಜಿ ಆರಂಭಿಸುತ್ತದೆ. ಅಮೈನೊ ಆಮ್ಲಗಳಿಲ್ಲದ ಲವಣದ್ರಾವಣದಲ್ಲಿ ಒಂದೆರಡು ಗಂಟೆ ಇಟ್ಟರೂ ಹೀಗೆಯೇ ಆಗುತ್ತದೆ. ತೂಬು ಮುಚ್ಚಲು ಬಫಿಲೊಮೈಸಿನ್ ಎ1 ಇದೆ. ಅದು ಲೈಸೊಸೋಮಿಗೆ ಪ್ರೋಟಾನು ತುಂಬುವ ಪಂಪನ್ನು ನಿಲ್ಲಿಸುತ್ತದೆ. ಮಲೇರಿಯಾ ಔಷಧವಾಗಿ ಮನೆಮಾತಾದ ಕ್ಲೋರೊಕ್ವಿನ್ ಕೂಡ ಬಳಕೆಯಲ್ಲಿದೆ. ಅದು ಲೈಸೊಸೋಮಿನ ಆಮ್ಲವನ್ನು ತಗ್ಗಿಸುವುದಕ್ಕಿಂತ ಮುಖ್ಯವಾಗಿ ಚೀಲ ಮತ್ತು ಲೈಸೊಸೋಮ್ ಬೆಸೆಯುವುದನ್ನು ತಡೆಯುತ್ತದೆ ಎಂದು 2018ರ ಅಧ್ಯಯನವೊಂದು ತೋರಿಸಿತು.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಕಲ್ಪಿತ ಅಂಕಿಗಳ ಒಂದು ಉದಾಹರಣೆ ನೋಡಬಹುದು. ಏನೂ ಕೊಡದ ಕೋಶಗಳ ಹೊಳಪು 100, ತೂಬು ಮುಚ್ಚಿದಾಗ 160 ಎಂದಿಟ್ಟುಕೊಂಡರೆ, ಸಹಜ ಹರಿವು 60. ಮೊದಲ ಔಷಧ ಕೊಟ್ಟಾಗ 140, ಅದರ ಜೊತೆ ತೂಬನ್ನೂ ಮುಚ್ಚಿದಾಗ 300. ಹರಿವು 160ಕ್ಕೆ ಏರಿತು. ಔಷಧ ನಿಜವಾಗಿಯೂ ಆಟೊಫೇಜಿ ಹೆಚ್ಚಿಸಿದೆ. ಎರಡನೆಯ ಔಷಧ ಒಂದೇ ಕೊಟ್ಟಾಗ 200, ತೂಬು ಮುಚ್ಚಿದರೂ 210. ಮೇಲ್ನೋಟಕ್ಕೆ ಮೊದಲನೆಯದಕ್ಕಿಂತ ಇದೇ ಪ್ರಬಲ. ಆದರೆ ಹರಿವು ಬರೀ 10. ಈ ಔಷಧ ಆಟೊಫೇಜಿಯನ್ನು ಹೆಚ್ಚಿಸಿಲ್ಲ, ತಾನೇ ತೂಬಿಗೆ ಅಡ್ಡ ಕೂತಿದೆ. ನಾಲ್ಕರ ಬದಲು ಎರಡೇ ನಳಿಕೆ ಇಟ್ಟವರು ಎರಡನೆಯ ಔಷಧಕ್ಕೆ ತಪ್ಪು ಪ್ರಶಸ್ತಿ ಕೊಟ್ಟಿರುತ್ತಿದ್ದರು.

ತಪ್ಪು ನುಸುಳುವ ಕಿಂಡಿಗಳು

ಸತ್ತ ಕೋಶ ಬಣ್ಣವನ್ನು ಹೇಗೆಂದರೆ ಹಾಗೆ ಹೀರುತ್ತದೆ. ಆದ್ದರಿಂದ ಪ್ರೊಪಿಡಿಯಂ ಅಯೊಡೈಡ್ ಅಥವಾ ಅಂಥದೇ ಗುರುತಿನಿಂದ ಸತ್ತವನ್ನು ಲೆಕ್ಕದಿಂದ ಹೊರಗಿಡಬೇಕು. ಅಂಟಿಕೊಂಡ ಜೋಡಿ ಕೋಶಗಳು ಇಮ್ಮಡಿ ಹೊಳೆಯುತ್ತವೆ, ಅವನ್ನೂ ತೆಗೆಯಬೇಕು. ತಟ್ಟೆಗೆ ಅಂಟಿ ಬೆಳೆಯುವ ಹೀಲಾದಂಥ ಕೋಶಗಳನ್ನು ಟ್ರಿಪ್ಸಿನ್ ಹಾಕಿ ಬಿಡಿಸುವುದೇ ಅವಕ್ಕೊಂದು ಆಘಾತ. ರಕ್ತಮೂಲದ ಜರ್ಕಟ್‌ನಂಥ ತೇಲುವ ಕೋಶಗಳಿಗೆ ಈ ತೊಡಕಿಲ್ಲ.

ಪರೀಕ್ಷಿಸುವ ಪದಾರ್ಥವೇ ಹೊಳೆಯುವುದೂ ಉಂಟು. ಅರಿಶಿನದ ಕರ್ಕ್ಯುಮಿನ್ ಆಟೊಫೇಜಿಯ ಸಂಶೋಧನೆಯಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವ ಪದಾರ್ಥ. ಅದು ತಾನೇ ಹಸಿರಾಗಿ ಪ್ರತಿದೀಪಿಸುತ್ತದೆ. ಕ್ಯಾನ್ಸರ್ ಔಷಧವಾದ ಡಾಕ್ಸೊರುಬಿಸಿನ್ ಕಿತ್ತಳೆ-ಕೆಂಪಾಗಿ ಹೊಳೆಯುತ್ತದೆ. ಬಣ್ಣ ಹಾಕದೆ, ಔಷಧ ಮಾತ್ರ ಕೊಟ್ಟ ಕೋಶಗಳ ನಳಿಕೆಯೊಂದು ಇಲ್ಲದಿದ್ದರೆ ಅರಿಶಿನದ ಹೊಳಪನ್ನೇ ಆಟೊಫೇಜಿ ಎಂದು ಬರೆದುಕೊಳ್ಳುವ ಅಪಾಯವಿದೆ.

ಎಲ್‌ಸಿ3 ಕೂಡ ಪೂರ್ಣ ನಿಷ್ಠೆಯ ಸಾಕ್ಷಿಯಲ್ಲ. ಕೋಶವು ಹೊರಗಿನ ಕಣಗಳನ್ನು ನುಂಗಿದಾಗ ಅಥವಾ ಲೈಸೊಸೋಮಿನ ಒಳಗಿನ ಅಯಾನುಗಳ ಸಮತೋಲ ತಪ್ಪಿದಾಗ ಒಂದೇ ಪದರದ ಪೊರೆಗಳಿಗೂ ಅದು ಅಂಟುತ್ತದೆ. ಇಂಥ ತೊಡಕುಗಳನ್ನೆಲ್ಲ ಕಲೆಹಾಕಿ ಡೇನಿಯಲ್ ಕ್ಲಿಯೊನ್‌ಸ್ಕಿ ಮುಂದಾಳಾಗಿ ಜಗತ್ತಿನ ಸಂಶೋಧಕರು ಸೇರಿ ಮಾರ್ಗದರ್ಶಿಯೊಂದನ್ನು 2008ರಲ್ಲಿ ಹೊರತಂದರು. 2012, 2016, 2021ರಲ್ಲಿ ಅದು ಹಿಗ್ಗುತ್ತಾ ಮರುಪ್ರಕಟವಾಯಿತು. ಯಾವ ಒಂದೇ ವಿಧಾನವನ್ನೂ ನೆಚ್ಚಬಾರದು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ವಿಧಾನಗಳು ಒಂದೇ ಮಾತು ಹೇಳಬೇಕು ಎಂಬುದು ಅದರ ಮುಖ್ಯ ಸಲಹೆ. ಕೋಶದ ಚಿತ್ರವನ್ನೂ ತೆಗೆಯುವ ಹೊಸ ಬಗೆಯ ಸೈಟೊಮೀಟರುಗಳು ಚುಕ್ಕೆಗಳನ್ನು ಎಣಿಸಬಲ್ಲವಾದ್ದರಿಂದ, ಸೂಕ್ಷ್ಮದರ್ಶಕದ ಕಣ್ಣೂ ಯಂತ್ರದ ವೇಗವೂ ಈಗ ಒಂದೆಡೆ ಸೇರುತ್ತಿವೆ.

ವಿಂಗಡಿಸಿ ಹಿಡಿದ ಜೀನು

ಜೀವಂತ ಕೋಶದಲ್ಲಿ ಅಳೆಯುವುದರ ಫಲ ಏನು ಎಂಬುದಕ್ಕೆ 2018ರ ಒಂದು ಕೆಲಸ ಒಳ್ಳೆಯ ನಿದರ್ಶನ. ಮಿಜುಶಿಮಾ ತಂಡ ಮೇಲೆ ಹೇಳಿದ ಹಸಿರು-ಕೆಂಪು ಶೋಧಕವಿರುವ ಕೋಶಗಳಲ್ಲಿ ಕ್ರಿಸ್ಪರ್ ತಂತ್ರದಿಂದ ಒಂದೊಂದು ಕೋಶದಲ್ಲಿ ಒಂದೊಂದು ಜೀನನ್ನು ಕೆಡಿಸಿತು. ಎಲ್ಲವನ್ನೂ ಉಪವಾಸ ಕೆಡವಿ ಸೈಟೊಮೀಟರಿನ ಮೂಲಕ ಹಾಯಿಸಿತು. ಹಸಿವೆಯಲ್ಲೂ ಹಸಿರು ಇಳಿಯದ ಕೋಶಗಳನ್ನು, ಅಂದರೆ ಆಟೊಫೇಜಿ ಕೈಕೊಟ್ಟವನ್ನು, ಯಂತ್ರ ಬೇರ್ಪಡಿಸಿತು. ಅವುಗಳಲ್ಲಿ ಯಾವ ಜೀನು ಕೆಟ್ಟಿದೆ ಎಂದು ಓದಿದಾಗ ಹಳೆಯ ಪರಿಚಿತರ ನಡುವೆ ಹೊಸದೊಂದು ಸಿಕ್ಕಿತು: ಟಿಎಂಇಎಂ41ಬಿ. ಅದೇ ಹೊತ್ತಿಗೆ ಬೇರೆ ತಂಡಗಳೂ ಇಂಥ ವಿಂಗಡಣೆಯಿಂದಲೇ ಅದನ್ನು ಕಂಡುಕೊಂಡವು. ಚೀಲ ರೂಪುಗೊಳ್ಳಲು ಬೇಕಾದ ಇದೇ ಜೀನು ಜಿಕಾದಂಥ ಫ್ಲೇವಿವೈರಸ್‌ಗಳಿಗೂ ಕೋವಿಡ್ ತಂದ ಕೊರೊನಾ ವೈರಸ್ಸಿಗೂ ಕೋಶದೊಳಗೆ ಬೆಳೆಯಲು ಬೇಕು ಎಂದು ಆಮೇಲೆ ತಿಳಿಯಿತು. ಕೋಶಗಳನ್ನು ಅರೆದು ನೋಡುವ ವಿಧಾನದಲ್ಲಿ ಇಂಥ ಹುಡುಕಾಟ ಸಾಧ್ಯವಿರಲಿಲ್ಲ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಇದೇ ತತ್ವವನ್ನು ಯೀಸ್ಟಿನಲ್ಲಿ ಬೇರೆ ಬೆಳಕಿನಿಂದ ಬಳಸಿದೆ. ಮಿಂಚುಹುಳುವಿನ ಬೆಳಕು ಹುಟ್ಟಿಸುವ ಕಿಣ್ವವಾದ ಲೂಸಿಫೆರೇಸ್ ಆಟೊಫೇಜಿಗೆ ಆಹುತಿಯಾಗುವ ಸರಕು. ಇನ್ನೊಂದು ಜೀವಿಯ ಲೂಸಿಫೆರೇಸ್ ಅರಗದೆ ಉಳಿಯುವ ಸಾಕ್ಷಿ. ಜೀವಂತ ಯೀಸ್ಟಿನಲ್ಲಿ ಎರಡರ ಬೆಳಕನ್ನು ಹೋಲಿಸುತ್ತಾ ಹೋದರೆ ಸರಕು ಅರಗುವ ವೇಗ ಸಮಯದೊಡನೆ ಕಾಣುತ್ತದೆ, ನೂರಾರು ಪದಾರ್ಥಗಳನ್ನು ಒಟ್ಟಿಗೆ ಜರಡಿ ಹಿಡಿಯಬಹುದು. ಇದೇ ತಂಡ 2017ರಲ್ಲಿ, ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಗಂಟುಕಟ್ಟುವ ಆಲ್ಫಾ-ಸೈನ್ಯೂಕ್ಲಿನ್ ಪ್ರೋಟೀನಿನ ವಿಷಪರಿಣಾಮವನ್ನು 6-ಬಯೊ ಎಂಬ ಪುಟ್ಟ ಅಣು ಆಟೊಫೇಜಿಯ ಮೂಲಕ ತಗ್ಗಿಸುತ್ತದೆ ಎಂದು ವರದಿ ಮಾಡಿತು.

ಮನುಷ್ಯನ ರಕ್ತದಲ್ಲಿ

ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶದಲ್ಲಿ ಇಷ್ಟೆಲ್ಲ ಸಾಧ್ಯವಾದರೂ ಬದುಕಿರುವ ಮನುಷ್ಯನಲ್ಲಿ ಹರಿವನ್ನು ಅಳೆಯುವುದು ಇನ್ನೂ ಕಷ್ಟ. ತೂಬು ಮುಚ್ಚುವ ಔಷಧವನ್ನು ಅಳತೆಗಾಗಿ ಜನರಿಗೆ ಕೊಡಲಾಗದು. ಆಸ್ಟ್ರೇಲಿಯದ ಅಡಿಲೇಡ್‌ನ ಸಂಶೋಧಕರು ರಕ್ತವನ್ನು ಹೊರತೆಗೆದು, ಅದಕ್ಕೇ ಕ್ಲೋರೊಕ್ವಿನ್ ಬೆರೆಸಿಟ್ಟು, ಆಮೇಲೆ ಬಿಳಿಕೋಶಗಳಲ್ಲಿ ಎಲ್‌ಸಿ3-2 ಎಷ್ಟು ಕೂಡಿತು ಎಂದು ನೋಡುವ ಕ್ರಮವನ್ನು ಹದಗೊಳಿಸಿದ್ದಾರೆ. ಆ ಅಂಕಿ ರಕ್ತಕೋಶಗಳ ಮಾತನ್ನು ಹೇಳುತ್ತದೆ. ಮಿದುಳು, ಯಕೃತ್ತು, ಹೃದಯದಲ್ಲಿ ಅದೇ ಹೊತ್ತಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅದು ಹೇಳಲಾರದು.

ಒಸುಮಿ ಅವರಿಗೆ ನೊಬೆಲ್ ಬಂದ ಮೇಲೆ, ಇಷ್ಟು ಗಂಟೆ ಉಪವಾಸವಿದ್ದರೆ ಆಟೊಫೇಜಿ ಆರಂಭವಾಗಿ ದೇಹ ಶುದ್ಧವಾಗುತ್ತದೆ ಎಂಬ ಸಂದೇಶಗಳು ಏಕಾದಶಿಯ ಹಿಂದುಮುಂದಿನ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಒಸುಮಿ ನೊಬೆಲ್ ಪಡೆದದ್ದು ಯೀಸ್ಟಿನಲ್ಲಿ ಆಟೊಫೇಜಿಯ ಜೀನುಗಳನ್ನೂ ಕಾರ್ಯವಿಧಾನವನ್ನೂ ಬಿಡಿಸಿದ್ದಕ್ಕೆ. ಮನುಷ್ಯನ ಉಪವಾಸದ ಗಂಟೆಗಳನ್ನು ಅವರು ಗೊತ್ತುಮಾಡಿಲ್ಲ. ಹಸಿವೆ ಆಟೊಫೇಜಿಯನ್ನು ಎಚ್ಚರಿಸುತ್ತದೆ ಎಂಬುದು ಕೋಶಗಳಲ್ಲೂ ಪ್ರಾಣಿಗಳಲ್ಲೂ ದೃಢಪಟ್ಟ ಮಾತು. ಆದರೆ ಒಬ್ಬ ವ್ಯಕ್ತಿಯ ಅಂಗಾಂಗಗಳಲ್ಲಿ ಅದು ಎಷ್ಟು ಏರಿತು ಎಂದು ತಿಳಿಸುವ ಪರೀಕ್ಷೆ ಯಾವ ಆಸ್ಪತ್ರೆಯ ಪಟ್ಟಿಯಲ್ಲೂ ಇಂದಿಗೂ ದಿನಬಳಕೆಗೆ ಬಂದಿಲ್ಲ. ಆದುದರಿಂದ ಯಾವುದೇ ಮಾತ್ರೆ, ಪಾನೀಯ ಅಥವಾ ಪಥ್ಯ ಆಟೊಫೇಜಿಯನ್ನು ಹೆಚ್ಚಿಸಿತು ಎಂಬ ಸುದ್ದಿ ಓದಿದಾಗ ಓದುಗರು ಎರಡು ಪ್ರಶ್ನೆ ಕೇಳಬೇಕು: ಅಳೆದದ್ದು ಯಾವ ಕೋಶದಲ್ಲಿ, ಮತ್ತು ಲೈಸೊಸೋಮನ್ನು ತಡೆದು ಅಳೆದ ನಳಿಕೆ ಆ ಪ್ರಯೋಗದಲ್ಲಿ ಇತ್ತೇ.